ಹಾಕದೆ ಉಳಿದ ಗೆರೆ

ಹೊಸ ಗಾಡಿ ಮಾರುವ ಶೋರೂಮಿನ ಆ ವರ್ಕ್‌ಶಾಪಿನಲ್ಲಿ ಅವನನ್ನು ಎಲ್ಲರೂ ಚಾಕ್‌ಪೀಸ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವನ ಅಂಗಿಯ ಜೇಬಿನಲ್ಲಿ ಚಾಕ್‌ಪೀಸ್ ಇಲ್ಲದ ದಿನವನ್ನು ಯಾರೂ ಕಂಡಿರಲಿಲ್ಲ. ಗಾಡಿಯ ಯಾವ ಎರಡು ಭಾಗಗಳನ್ನು ಬಿಡಿಸುವುದಿದ್ದರೂ ಮೊದಲು ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆಯಬೇಕು. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಬೇಕು. ಇದು ಅವನ ಕಾನೂನು. "ಗೆರೆ ಎಳೀದೆ ಬಿಚ್ಚೋನು ಮೆಕ್ಯಾನಿಕ್ ಅಲ್ಲ, ಗುಜರಿಯವನು" ಎಂದು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದ. ಅವನ ಹೆಂಡತಿಯಂತೂ, "ಸ್ಕೂಲ್ ಮೇಷ್ಟ್ರ ಬಟ್ಟೇಲೂ ಇಷ್ಟು ಸುಣ್ಣ ಇರಲ್ಲ" ಎಂದು ಗೊಣಗುತ್ತಲೇ ಅಂಗಿ ಒಗೆಯುತ್ತಿದ್ದಳು.

ಇಂಥ ಮನುಷ್ಯನ ನಿದ್ದೆ ಕೆಡಿಸಿದ್ದು ಒಂದು ಹೊಸ ಪಿಕಪ್. ಬಿಳಿ ಬಣ್ಣದ್ದು, ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ಕಿತ್ತಿರಲಿಲ್ಲ. ಕೊಂಡವಳು ಗಿಡಗಳ ನರ್ಸರಿ ನಡೆಸುವ ಹೆಂಗಸು. ಐವತ್ತರ ಆಸುಪಾಸು, ತಾನೇ ಗಾಡಿ ಓಡಿಸುವವಳು, ಉಗುರಿನ ಸಂದಿಯಲ್ಲಿ ಸದಾ ಮಣ್ಣು. ನರ್ಸರಿಯಮ್ಮ ಅಂದರೆ ಸಾಕು, ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಗಾಡಿ ತೆಗೆದುಕೊಂಡು ಹೋದ ಹನ್ನೆರಡನೆಯ ದಿನಕ್ಕೇ ಅವಳು ವಾಪಸು ಬಂದು ನಿಂತಳು.

"ಗಾಡಿ ನಡುಗುತ್ತೆ" ಎಂದಳು. "ಹೋಗುವಾಗ ಇಲ್ಲ, ಬರುವಾಗ ಇದೆ."

ದೂರು ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ. ಸುತ್ತ ಇದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಗಾಡಿಗೂ ಮನೆಗೆ ಹೋಗುವುದೆಂದರೆ ಹೆದರಿಕೆ ಇರಬೇಕು ಎಂದ ಒಬ್ಬ, ಮದುವೆಯಾಗಿದ್ದವನು. ನರ್ಸರಿಯಮ್ಮ ನಗಲಿಲ್ಲ. ತನ್ನ ಬಲಗೈಯ ಬೆರಳುಗಳನ್ನು ಮಡಚಿ ಬಿಡಿಸಿ ತೋರಿಸಿದಳು. "ಸ್ಪೀಡು ಅರವತ್ತು ದಾಟಿದ್ರೆ ಸೀಟಿನ ಕೆಳಗಿಂದ ಶುರುವಾಗುತ್ತೆ. ಮನೆ ಮುಟ್ಟೋ ಹೊತ್ತಿಗೆ ಬೆರಳೆಲ್ಲ ಜೋಮು ಹಿಡಿದಿರುತ್ತೆ. ನಾನು ಇದರಲ್ಲೇ ದಿನಾ ಓಡಾಡಬೇಕು."

ಮೇಸ್ತ್ರಿ ಗಾಡಿಯನ್ನು ಓಡಿಸಿ ನೋಡಿದ. ಪಿಕಪ್ ಪರೀಕ್ಷಿಸುವಾಗ ಹಿಂದೆ ಹತ್ತು ಮರಳಿನ ಮೂಟೆ ಹೇರುವುದು ಅಲ್ಲಿನ ರೂಢಿ. ಖಾಲಿ ಪಿಕಪ್ ರಸ್ತೆಯಲ್ಲಿ ಕುಣಿಯುತ್ತದೆ, ಆ ಕುಣಿತದಲ್ಲಿ ಬೇರೆ ದೋಷ ತಿಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಮೂಟೆ ಹೇರಿ ಓಡಿಸಿದರೆ ಗಾಡಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಆದರೂ ಗಿರಾಕಿಯ ಸಮಾಧಾನಕ್ಕೆಂದು ಗಾಲಿಗಳನ್ನು ಬಿಚ್ಚಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಿದ. ಅವಳು ಹೋದಳು, ಐದನೆಯ ದಿನ ಮತ್ತೆ ಬಂದಳು. ಈ ಸಲ ಹಿಂದಿನ ಗಾಲಿ ಮುಂದಕ್ಕೆ, ಮುಂದಿನದು ಹಿಂದಕ್ಕೆ. ಇಂಜಿನ್ನನ್ನು ಹಿಡಿದು ನಿಲ್ಲಿಸುವ ರಬ್ಬರುಗಳನ್ನೂ ಒಂದೊಂದಾಗಿ ಒತ್ತಿ ನೋಡಿದ. ಅವಳು ಮೂರನೆಯ ಸಲ ಬಂದಳು, ಅದೇ ಮಾತು ಹೇಳಿದಳು. ಹೋಗುವಾಗ ಇಲ್ಲ, ಬರುವಾಗ ಇದೆ. ಈ ಸಲ ಯಾರೂ ನಗಲಿಲ್ಲ.

ಟೈರ್ ವಿಭಾಗ ನೋಡಿಕೊಳ್ಳುತ್ತಿದ್ದವನು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಹೆಂಡತಿಯ ತಮ್ಮ. ಆರು ವರ್ಷದ ಹಿಂದೆ ಅವನನ್ನು ಅಲ್ಲಿಗೆ ಸೇರಿಸಿದವನೂ ಮೇಸ್ತ್ರಿಯೇ. ಮಾತು ಕಡಿಮೆ, ಕೆಲಸ ನಿಧಾನ, ಆದರೆ ಅವನು ಮಾಡಿದ ಗಾಲಿ ವಾಪಸು ಬಂದದ್ದಿಲ್ಲ. ಭಾವನಿಗೆ ಮಾತ್ರ ಅವನ ಮೇಲೆ ಒಂದು ತಮಾಷೆ ಇದ್ದೇ ಇತ್ತು. ಟೀ ಹೊತ್ತಿನಲ್ಲಿ ಎಲ್ಲರ ಮುಂದೆ, "ನಮ್ಮನೆಯವಳ ತಮ್ಮ ಏನು ಕೆಲಸ ಮಾಡ್ತಾನೆ ಗೊತ್ತಾ? ಗಾಳಿ ಮಾರ್ತಾನೆ" ಎನ್ನುತ್ತಿದ್ದ. ಬಾಮೈದ ಕಪ್ಪಿನೊಳಗೆ ನೋಡುತ್ತ ನಕ್ಕು ಸುಮ್ಮನಾಗುತ್ತಿದ್ದ. ಆ ನಗು ಎಂಥದ್ದೆಂದು ಮೇಸ್ತ್ರಿ ಒಮ್ಮೆಯೂ ಯೋಚಿಸಿರಲಿಲ್ಲ.

ಮೂರನೆಯ ಸಲ ಗಾಡಿ ಬಂದ ದಿನ ಮ್ಯಾನೇಜರ್ ತಾನೇ ಕೆಳಗಿಳಿದು ಬಂದ. ನರ್ಸರಿಯಮ್ಮ ಕೈಕಟ್ಟಿ ನಿಂತಿದ್ದಳು. ಎಲ್ಲರೂ ಸ್ಪ್ಯಾನರ್ ಹಿಡಿದ ಕೈ ಹಿಡಿದ ಹಾಗೇ ನಿಂತರು. ಇದಕ್ಕೆ ಯಾರು ಹೊಣೆ ಎಂದು ಮ್ಯಾನೇಜರ್ ಕೇಳಿದಾಗ ಅವನ ಕಣ್ಣು ಮೇಸ್ತ್ರಿಯ ಮೇಲಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಮೇಸ್ತ್ರಿಗೆ ಉತ್ತರ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ.

"ಗಾಲಿ ಬಿಟ್ಟು ನಡುಗೋಕೆ ಇನ್ನೇನಿದೆ ಸಾರ್?" ಎಂದ. "ಬ್ಯಾಲೆನ್ಸಿಂಗ್ ಸರಿಯಾಗಿ ಮಾಡಿಲ್ಲ."

"ಭಾವ, ಮಷೀನ್ ಸೊನ್ನೆ ತೋರಿಸ್ತಿದೆ, ಗಾಲೀಲಿ ದೋಷ ಇಲ್ಲ. ನೀವೇ ಬಂದು ನೋಡಿ" ಎಂದ ಬಾಮೈದ.

"ಮಷೀನ್ ಮೇಲೆ ಗಾಲಿ ಕೂರಿಸೋದು ನಿನ್ನ ಕೈ ತಾನೇ?"

ಅಷ್ಟಕ್ಕೆ ಮುಗಿಯಿತು, ಮ್ಯಾನೇಜರ್ ಅವನನ್ನು ಕೆಲಸದಿಂದ ತೆಗೆದ. ಬಾಮೈದ ಅಂದು ಮಧ್ಯಾಹ್ನವೇ ತನ್ನ ಊಟದ ಡಬ್ಬಿ ತೆಗೆದುಕೊಂಡು ಗೇಟು ದಾಟಿದ. ನಾಲ್ಕೂ ಹೊಸ ಗಾಲಿಗಳನ್ನು ಕಂಪನಿಯಿಂದ ತರಿಸುವುದೆಂದು ತೀರ್ಮಾನವಾಯಿತು.

ಮನೆಯಲ್ಲಿ ಹೆಂಡತಿ ಒಂದೇ ಮಾತು ಕೇಳಿದಳು. "ನನ್ನ ತಮ್ಮ ಅಂತ ಹೇಳ್ತಿಲ್ಲ ರೀ. ಅವನು ಅಷ್ಟು ಅಸಡ್ಡೆ ಮಾಡೋನಾ? ನೀವೇ ಹೇಳಿ." ಮೇಸ್ತ್ರಿ ಕೆಲಸದ ಮಾತು ಮನೆಯಲ್ಲಿ ಬೇಡ ಎಂದುಬಿಟ್ಟ. ಅಂದಿನಿಂದ ಅವಳೂ ಮನೆಯಲ್ಲಿ ಬೇರೆ ಯಾವ ಮಾತನ್ನೂ ಆಡಲಿಲ್ಲ. ಊಟ, ನೀರು, ಬಾಗಿಲು, ಲೈಟು, ಇಷ್ಟೇ. ಜಗಳವಾಡಿದ್ದರೆ ಅವನು ಗೆಲ್ಲುತ್ತಿದ್ದನೇನೋ. ಸುಮ್ಮನಿರುವವಳ ಜೊತೆ ಗೆಲ್ಲುವುದು ಹೇಗೆ?

ಒಂಬತ್ತು ದಿನಕ್ಕೆ ಹೊಸ ಗಾಲಿಗಳು ಬಂದವು. ಬೆಳಿಗ್ಗೆ ಅವನ್ನು ಹಾಕಿಸಿ, ಸರಿಹೋಯಿತೋ ಇಲ್ಲವೋ ಕಣ್ಣಾರೆ ನೋಡಿ ಬರುವಂತೆ ಮ್ಯಾನೇಜರ್ ಮೇಸ್ತ್ರಿಯನ್ನೇ ನರ್ಸರಿಯಮ್ಮನ ಜೊತೆ ಕಳಿಸಿದ. ಅವಳು ಮೊದಲು ಊರೊಳಗಿನ ರಸ್ತೆಯಲ್ಲಿ ನಿಧಾನಕ್ಕೆ ನರ್ಸರಿಗೆ ಹೋಗಿ ಗಾಡಿಯ ತುಂಬ ಗಿಡದ ಕುಂಡಗಳನ್ನು ಹೇರಿಸಿದಳು. ಹೊಸದಾಗಿ ಕಟ್ಟಿದ ಆಸ್ಪತ್ರೆಯೊಂದರ ಅಂಗಳಕ್ಕೆ ಅವು ಹೋಗಬೇಕಿತ್ತು. ಆಸ್ಪತ್ರೆಯವರೆಗೆ, ಅರವತ್ತು ದಾಟಿದರೂ, ಗಾಡಿ ತೊಟ್ಟಿಲಿನಂತೆ ಸಾಗಿತು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಗಾಲಿಯದೇ ದೋಷ, ನಾನು ಹೇಳಿದ್ದು ಸುಳ್ಳಾಗಲಿಲ್ಲ ಎಂದುಕೊಂಡ. ಕುಂಡ ಇಳಿಸಲು ಕೈಜೋಡಿಸಿದ, ಅವಳು ಕೊಟ್ಟ ನೀರು ಕುಡಿದ, ಒಂದು ಗಿಡದ ಹೆಸರನ್ನೂ ಕೇಳಿದ.

ಹಿಂತಿರುಗುವಾಗ ಮುಳ್ಳು ಅರವತ್ತು ದಾಟಿತು.

"ಬಂತು" ಎಂದಳು ನರ್ಸರಿಯಮ್ಮ.

ಬಂದೇ ಬಂದಿತ್ತು. ಸೀಟಿನ ಕೆಳಗಿಂದ, ನೆಲದ ತಗಡಿನಿಂದ, ಸಣ್ಣಗೆ, ಒಂದೇ ಸಮನೆ. ಅಂಗಾಲಿನಿಂದ ಹತ್ತಿ ಹಲ್ಲಿನ ಬುಡಕ್ಕೆ ಮುಟ್ಟುತ್ತಿತ್ತು. ಮೇಸ್ತ್ರಿ ಬಗ್ಗಿ ಅಂಗೈಯನ್ನು ನೆಲಕ್ಕೆ ಊರಿದ. ಸ್ಟೇರಿಂಗ್ ಅಲುಗುತ್ತಿರಲಿಲ್ಲ, ಅಂದರೆ ಮುಂದಿನ ಗಾಲಿಯಲ್ಲ. ನಡುಕ ಎರಡು ಸೀಟಿನ ನಡುವೆ, ಕೆಳಗೆ, ಹಿಂದಕ್ಕೆ ಹರಿಯುತ್ತಿತ್ತು. ಅವನು ತಿರುಗಿ ಹಿಂದಿನ ಗಾಜಿನಿಂದ ನೋಡಿದ. ಗಾಡಿಯ ಬೆನ್ನು ಖಾಲಿ.

ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ. ಈ ಹೆಂಗಸು ಮೊದಲ ದಿನದಿಂದ ಹೇಳುತ್ತಿದ್ದದ್ದು ಅದನ್ನೇ. ಅವರು ನಕ್ಕಿದ್ದರು, ಆಮೇಲೆ ಹತ್ತು ಮೂಟೆ ಮರಳು ಹೇರಿ ಅವಳ ಮಾತನ್ನು ಪರೀಕ್ಷಿಸಿದ್ದರು.

ಭಾರ ಬಿದ್ದರೆ ಪಿಕಪ್ಪಿನ ಹಿಂಭಾಗ ತಗ್ಗುತ್ತದೆ, ಇಳಿಸಿದರೆ ಏಳುತ್ತದೆ. ಹಾಗೆ ತಗ್ಗಿ ಏಳುವಾಗ ಓರೆ ಬದಲಾಗುವುದು ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟಿಗೆ. ಅದು ಎರಡು ತುಂಡಿನದು, ಒಂದರೊಳಗೊಂದು ಹಲ್ಲಿಗೆ ಹಲ್ಲು ಕೂತಿರುತ್ತದೆ. ಹಲ್ಲು ತಪ್ಪಿ ಕೂತರೆ ಭಾರವಿದ್ದಾಗ ಅಡಗಿರುವ ದೋಷ ಖಾಲಿಯಾದಾಗ ಎದ್ದು ಕೂರುತ್ತದೆ. ಆ ಶಾಫ್ಟನ್ನು ಕೊನೆಯದಾಗಿ ಮುಟ್ಟಿದ ಕೈ ಯಾರದೆಂದು ಮೇಸ್ತ್ರಿಗೆ ಗೊತ್ತಿತ್ತು.

ಗಾಡಿ ಕೊಡುವ ದಿನ ಬೆಳಿಗ್ಗೆ ಅಡಿಯಿಂದ ಪರೀಕ್ಷಿಸುವಾಗ ಶಾಫ್ಟಿನ ನಡುವಿನ ಬೇರಿಂಗಿನ ರಬ್ಬರು ಸೀಳಿದ್ದು ಕಂಡಿತ್ತು. ಹನ್ನೊಂದಕ್ಕೆ ನರ್ಸರಿಯಮ್ಮ ಬರುವವಳಿದ್ದಳು. ಬಾನೆಟ್ಟಿಗೆ ರಿಬ್ಬನ್ ಕಟ್ಟಿ ಆಗಿತ್ತು, ಫೋಟೋ ತೆಗೆಯುವವನೂ ಬಂದಿದ್ದ. ಶಾಫ್ಟ್ ಇಳಿಸಿ ಬೇರಿಂಗ್ ಬದಲಿಸಬೇಕು. ಜೇಬಿಗೆ ಕೈ ಹಾಕಿದರೆ ಬಂದದ್ದು ಬಿಳಿಯ ಹಿಟ್ಟು. ಚಾಕ್‌ಪೀಸ್ ಇದ್ದ ಹಾಗೆಯೇ ಹೆಂಡತಿ ಅಂಗಿ ಒಗೆದಿದ್ದಳು.

ಇಪ್ಪತ್ತು ಹೆಜ್ಜೆ ಆಚೆಗೆ ಟೈರ್ ವಿಭಾಗ. ಅಲ್ಲಿ ಬ್ಯಾಲೆನ್ಸಿಂಗ್ ಮಷೀನಿನ ಪಕ್ಕ ದಾರ ಕಟ್ಟಿದ ಹಳದಿ ಕ್ರೇಯಾನ್ ಸದಾ ತೂಗಾಡುತ್ತಿತ್ತು. ಮೇಸ್ತ್ರಿ ಆ ಕಡೆ ಒಮ್ಮೆ ನೋಡಿದ್ದ. ಹಿಂದಿನ ದಿನವಷ್ಟೇ ಗಾಳಿ ಮಾರುವವನೆಂದು ಎಲ್ಲರನ್ನೂ ನಗಿಸಿದ್ದ. ಚಾಕ್‌ಪೀಸ್ ಮೇಸ್ತ್ರಿಯೇ ಹೋಗಿ ಗಾಳಿ ಮಾರುವವನ ಹತ್ತಿರ ಬಣ್ಣದ ಕಡ್ಡಿ ಬೇಡುವುದೇ? ನನ್ನ ಕಣ್ಣೇ ಗೆರೆ ಎಂದುಕೊಂಡು ಶಾಫ್ಟ್ ಎಳೆದುಬಿಟ್ಟ. ಕಣ್ಣಳತೆಯಲ್ಲೇ ಜೋಡಿಸಿದ. ಹನ್ನೊಂದಕ್ಕೆ ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ನಕ್ಕವನೂ ಅವನೇ. ಆಮೇಲೆ ಅದನ್ನು ಮರೆತ. ಮರೆತನೋ, ಅಥವಾ ಆ ಕಡೆಗೆ ನೆನಪು ಹೋಗದಂತೆ ನೋಡಿಕೊಂಡನೋ, ಅದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ವರ್ಕ್‌ಶಾಪಿಗೆ ಬಂದಾಗ ಎಲ್ಲರೂ ಊಟಕ್ಕೆ ಹೋಗಿದ್ದರು. ಮೇಸ್ತ್ರಿ ಒಬ್ಬನೇ ಗಾಡಿಯನ್ನು ಲಿಫ್ಟಿಗೆ ಏರಿಸಿ ಕೆಳಗೆ ನಿಂತ. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿ ಇರಬೇಕು. ಅಳತೆಪಟ್ಟಿ ಹಿಡಿದು ನೋಡಿದ. ಎರಡು ಹಲ್ಲು ತಪ್ಪಿತ್ತು. ಬರಿಗಣ್ಣಿಗೆ ಕಾಣುವಂಥದ್ದಲ್ಲ, ಆ ಕಾರಣಕ್ಕೇ ತಾನೇ ಗೆರೆ ಎಳೆಯುವುದು. ಶಾಫ್ಟ್ ಇಳಿಸಿ ಎರಡು ಹಲ್ಲು ತಿರುಗಿಸಿ ಕೂರಿಸಿದ. ಇಪ್ಪತ್ತೈದು ನಿಮಿಷದ ಕೆಲಸ.

ನರ್ಸರಿಯಮ್ಮ ಖಾಲಿ ಗಾಡಿಯನ್ನು ಎಂಬತ್ತರವರೆಗೆ ಓಡಿಸಿಕೊಂಡು ಬಂದಳು. ಇಳಿದವಳ ಮುಖದಲ್ಲಿ ಒಂದು ತಿಂಗಳ ದಣಿವು ಇಳಿದಿತ್ತು. "ಹೋಯ್ತು" ಎಂದಳು. "ಏನಾಗಿತ್ತು?"

"ಒಂದು ಸಣ್ಣ ಜೋಡಣೆ" ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತ.

"ಗಾಲಿದಲ್ಲ?"

"ಅಲ್ಲ."

ಅವಳು ಗಾಡಿಯ ಬಾಗಿಲು ಹಿಡಿದು ನಿಂತೇ ಇದ್ದಳು. "ಹಾಗಾದ್ರೆ ಅವತ್ತು ಕಳಿಸಿಬಿಟ್ರಲ್ಲ, ಆ ಟೈರಿನವರನ್ನ? ನಾನು ದೂರು ಕೊಟ್ಟಿದ್ದಕ್ಕೆ ಅವರ ಕೆಲಸ ಹೋಯ್ತು ಅಂತ ನನಗೆ ಊಟ ಸೇರ್ತಿರಲಿಲ್ಲ. ಅವರನ್ನ ವಾಪಸು ಕರೀತೀರಾ?"

ಮೇಸ್ತ್ರಿ ಹೂಂ ಎಂದ. ಆ ಹೂಂ ಅವನಿಗೇ ಕೇಳಿಸಲಿಲ್ಲ.

ಒಳಗೆ ಮ್ಯಾನೇಜರ್ ಬೆನ್ನು ತಟ್ಟಿದ. "ನೀವು ಹೇಳಿದ್ದೇ ಸರಿ ನೋಡಿ. ಗಾಲಿ ಬದಲಿಸಿದ್ದೇ ತಡ, ನಡುಕ ಹೋಯ್ತು. ಜಾಬ್ ಕಾರ್ಡ್ ಬರೆದು ಮುಗಿಸಿ." ಕಾರ್ಡಿನಲ್ಲಿ 'ಕಾರಣ' ಎಂದು ಒಂದು ಖಾನೆ ಇರುತ್ತದೆ. ಒಂದು ಪದ ಬರೆದರೆ ಸಾಕು, ಗಾಲಿ. ಯಾರೂ ಕೇಳುವವರಿಲ್ಲ, ಯಾರೂ ನೋಡಿದವರಿಲ್ಲ. ಜೊತೆಗೆ ಹೊಗಳಿಕೆ ಬೇರೆ ಸಿಕ್ಕಿತ್ತು. ಆ ಸಂಜೆ ಮೇಸ್ತ್ರಿ ಖಾನೆಯನ್ನು ಖಾಲಿ ಬಿಟ್ಟು ಮನೆಗೆ ಹೋದ. ಹೆಂಡತಿ ಊಟ ಎಂದಳು, ಅವನು ಹಸಿವಿಲ್ಲ ಎಂದ. ಅವಳು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಅವನು ಅವಳ ಮೇಲೆಯೇ ಸಿಟ್ಟಾದ.

ಮರುದಿನ ಬೆಳಿಗ್ಗೆ ಅವನು ಬರೆದ: ಶಾಫ್ಟ್ ಎರಡು ಹಲ್ಲು ತಪ್ಪಿ ಜೋಡಣೆ, ಗುರುತು ಹಾಕಿರಲಿಲ್ಲ, ಜೋಡಿಸಿದವನು ನಾನೇ. ಮ್ಯಾನೇಜರ್ ಅದನ್ನು ಎರಡು ಸಲ ಓದಿ, "ಆಗಿದ್ದು ಆಯ್ತು, ಇದು ಬೇಕಾ?" ಎಂದ. ಬೇಕು ಎಂದ ಮೇಸ್ತ್ರಿ. ಟೀ ಹೊತ್ತಿನಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು ಅದನ್ನೇ ಬಾಯಲ್ಲೂ ಹೇಳಿದ. ಯಾರೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಸಂಜೆ ಹೆಂಡತಿಗೆ, "ನಿನ್ನ ತಮ್ಮನ ಮನೆಗೆ ಹೋಗೋಣ ಬಾ" ಎಂದ. ಅವಳು ಅವನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡಳು.

ಬಾಮೈದ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಮೂರು ಕಡೆ ಟೈರ್ ಅಂಗಡಿಗಳಿರುವ ಊರಿನಲ್ಲಿ ಅವನು ಇನ್ನೂ ಮನೆಯಲ್ಲೇ ಯಾಕಿದ್ದಾನೆಂದು ಮೇಸ್ತ್ರಿಗೆ ದಾರಿಯುದ್ದಕ್ಕೂ ಅನಿಸಿತ್ತು. ಕುರ್ಚಿ ಕೊಟ್ಟರೂ ಮೇಸ್ತ್ರಿ ಕೂರಲಿಲ್ಲ. ನಿಂತೇ ಹೇಳಿದ. "ನಿನ್ನದಲ್ಲ ಕಣೋ ತಪ್ಪು. ನಂದು. ಶಾಫ್ಟು."

ಬಾಮೈದ ತನ್ನ ಅಂಗೈ ನೋಡಿಕೊಂಡ. "ಒಂದು ಅಂಗಡೀಲಿ ಕರೆದಿದ್ರು ಭಾವ. ಒಂದು ದಿನ ಹೋದೆ. ಒಂದೊಂದು ಗಾಲೀನೂ ಐದೈದು ಸಲ ಮಷೀನಿಗೆ ಹಾಕಿದೆ. ಸೊನ್ನೆ ಬಂದ್ರೂ ನಂಬಿಕೆ ಬರಲಿಲ್ಲ. ಇಷ್ಟು ವರ್ಷದ ಕೆಲಸ ಬಲ್ಲವರು ನೀವು, ನೀವೇ ಹೇಳಿದ್ರಿ ಅಂದ್ಮೇಲೆ ನನ್ನ ಕೈಯೇ ಕೆಟ್ಟಿರಬೇಕು ಅಂದ್ಕೊಂಡೆ. ಸಂಜೆಗೆ ಅವರೇ ನಾಳೆ ಬರಬೇಡ ಅಂದ್ರು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಷ್ಟು ಹಲ್ಲು?" ಎಂದು ಬಾಮೈದ ಕೇಳಿದ.

"ಎರಡು."

"ಗೆರೆ?"

"ಎಳೆದಿರಲಿಲ್ಲ. ಅವತ್ತು ಚಾಕ್‌ಪೀಸ್ ಇರಲಿಲ್ಲ."

ಬಾಮೈದ ತಲೆ ಎತ್ತಿ ನೋಡಿದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನನ್ನ ಹತ್ರ ಕ್ರೇಯಾನ್ ಇತ್ತಲ್ಲ ಭಾವ. ಕೇಳಿದ್ರೆ ಕೊಡ್ತಿರಲಿಲ್ವಾ?"

ಮೇಸ್ತ್ರಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲ ಮೇಲೆ, ಹೆಂಡತಿಯ ತಮ್ಮನ ಪಕ್ಕದಲ್ಲಿ ಕೂತ.