ಮಲ್ಲೇಶಣ್ಣನ ಭಾಷಣಕ್ಕೆ ಬಿದ್ದ ಚಪ್ಪಾಳೆ

ಗೆಳೆಯರೇ, ಇವತ್ತು ಬೇಲೂರಿನ ಕಾಲೇಜೊಂದರಲ್ಲಿ ನಮ್ಮ ಕಿರುಚಿತ್ರ ತೋರಿಸಿದೆವು. ಮೊಬೈಲಿನಲ್ಲಿ ಬರುವ ದ್ವೇಷದ ಭಾಷಣ ನಂಬಿ ಹುಡುಗನೊಬ್ಬ ಪಕ್ಕದ ಮನೆಯವರ ಅಂಗಡಿಗೆ ಬೆಂಕಿಯಿಟ್ಟು ಜೈಲು ಸೇರುವ ಕಥೆ. ಭಾಷಣಕಾರನ ಪಾತ್ರ ಕಣಕಟ್ಟೆಯ ಕೊಬ್ಬರಿ ವ್ಯಾಪಾರಿ ಮಲ್ಲೇಶಣ್ಣನದು. ಊರಿನ ಪೌರಾಣಿಕ ನಾಟಕಗಳಲ್ಲಿ ಪಳಗಿದ ಗಂಟಲು.

ಚಿತ್ರ ಮುಗಿದದ್ದೇ ತಡ, ಕಾಲೇಜು ಹುಡುಗರು ನಮ್ಮ ಜೊತೆ ಬಂದಿದ್ದ ಮಲ್ಲೇಶಣ್ಣನನ್ನು ಮುತ್ತಿಕೊಂಡರು. "ಅಣ್ಣಾ, ಭಾಷಣ ಸೂಪರ್! ಅಷ್ಟು ಮಾತ್ರ ರೆಕಾರ್ಡ್ ಮಾಡ್ಕೊಂಡು ಸ್ಟೇಟಸ್ ಹಾಕಿದೀವಿ. ಇನ್ನೊಂದ್ ವಿಡಿಯೋ ಬಿಡಿ."

"ಅದೆಲ್ಲಾ ಸುಳ್ಳು ಕಣ್ರಪ್ಪಾ, ನಂದು ಬರೀ ಪಾರ್ಟು!" ಎಂದು ಮಲ್ಲೇಶಣ್ಣ ಬೇಡಿಕೊಂಡರು.

"ಪಾಪ, ಅಣ್ಣ ಕೇಸಿಗೆ ಹೆದರ್ಕೊಂಡವ್ರೆ ಕಣೋ" ಎಂದು ಹುಡುಗರು ನಕ್ಕರು.

ಚಿತ್ರೀಕರಣದಲ್ಲಿ ನಿಜದ ಭಾಷಣದಂತೆಯೇ ಇರಲೆಂದು ಮತ್ತೆ ಮತ್ತೆ ಹೇಳಿಸಿದವನು ನಾನೇ.

ಚಿತ್ರದಲ್ಲಿ ಆ ಹುಡುಗನ ತಾಯಿಯಾಗಿ ಅತ್ತಿದ್ದ ನನ್ನಕ್ಕ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: "ನಾನ್ ಅತ್ತಿದ್ದು ಯಾರ ಸ್ಟೇಟಸ್ಸಲ್ಲೂ ಇಲ್ವೇನೋ?"