ಹನ್ನೆರಡು ಹೆಂಗಸರ ದನಿ

ಅಕ್ಕ ಒಂಬತ್ತು ಸಲ ಸತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರು ಸಲ ಬಿಟ್ಟುಹೋಗಿದ್ದನ್ನೂ ನೋಡಿದ್ದೇನೆ. ಎಲ್ಲವೂ ನಡೆದದ್ದು ಎರಡನೇ ಮಹಡಿಯ ನಮ್ಮ ಡಬ್ಬಿಂಗ್ ಕೋಣೆಯಲ್ಲಿ, ಗಾಜಿನ ಆಚೆ, ಒಂದೇ ಮೈಕಿನ ಮುಂದೆ. ಗಾಜಿನ ಈಚೆ ಕೂತು ದನಿ ಮುದ್ರಿಸುವವನು ನಾನು. ಹತ್ತೊಂಬತ್ತು ವರ್ಷ ಅದೇ ಕುರ್ಚಿ, ಅದರ ಕುಂಟು ಕಾಲಿಗೆ ಅದೇ ಮಡಚಿದ ಕಾಗದ.

ನಮ್ಮ ಕೆಲಸ ಇಷ್ಟೇ. ಬೇರೆಲ್ಲೋ ತಯಾರಾದ ಅಂತರಿಕ್ಷ ಧಾರಾವಾಹಿಯೊಂದು ವಾರಕ್ಕೊಂದು ಕಂತಿನಂತೆ ಬರುತ್ತಿತ್ತು. ಅದಕ್ಕೆ ನಮ್ಮ ಭಾಷೆಯ ಮಾತು ಕೂರಿಸುತ್ತಿದ್ದೆವು. ನಾಯಕ ಒಬ್ಬ ಕಮಾಂಡರ್. ಗ್ರಹದಿಂದ ಗ್ರಹಕ್ಕೆ ಅಲೆಯುವವನು, ವಯಸ್ಸೇ ಆಗದ ಪುಣ್ಯಾತ್ಮ. ಅವನಿಗೆ ದನಿ ಕೊಡುತ್ತಿದ್ದವರನ್ನು ನಾವೆಲ್ಲ ಕಂಚು ಸಾರ್ ಎನ್ನುತ್ತಿದ್ದೆವು, ಅಂಥ ಕಂಠ. ಮೈಕಿನ ಮುಂದಿಂದ ಸರಿದರೆ ಮಾತ್ರ ಬಾಯಿಗೆ ಬೀಗ. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಅಕ್ಕನ ಕಡೆ ಚಾಚುವಾಗಲೂ "ಮೇಡಂ" ಎನ್ನುವುದು ಬಿಟ್ಟು ಇನ್ನೊಂದು ಪದ ಹೊರಡುತ್ತಿರಲಿಲ್ಲ.

ಒಂದೂವರೆ ವರ್ಷಕ್ಕೊಮ್ಮೆ ಕಮಾಂಡರನಿಗೆ ಪ್ರೀತಿಯಾಗುತ್ತಿತ್ತು. ಆ ಹೆಂಗಸರಿಗೆಲ್ಲ ದನಿ ಅಕ್ಕನದೇ. ಮೊದಲನೆಯವಳಿಗೆ ಮಾಡಿದ್ದು ಚೆನ್ನಾಗಿ ಬಂತು, ಆಮೇಲೆ ಬೇರೆಯವರನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ನಾಲ್ಕನೆಯವಳು ಡಾಕ್ಟರು, ಅವಳಿಗೆ ಅಕ್ಕ ಸ್ವಲ್ಪ ಮೂಗಿನಿಂದ ಮಾತಾಡಿದರು. ಏಳನೆಯವಳು ವಾಕ್ಯದ ಕೊನೆಯನ್ನು ನುಂಗುತ್ತಿದ್ದಳು. ಎಲ್ಲರೂ ಒಬ್ಬರೇ ಎಂದು ನೋಡುವವರಿಗೆ ಗುಮಾನಿಯೂ ಬರಲಿಲ್ಲ. ತೆರೆಯ ಮೇಲೆ ಕಂಚು ಸಾರ್ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು. ಅಕ್ಕ "ಇತರರು" ಎಂಬುದರೊಳಗೆ ಸೇರಿಹೋಗಿದ್ದರು.

ಪ್ರೀತಿ ಬಂದ ವಾರಗಳಲ್ಲಿ ಕಮಾಂಡರ್ ಬೇರೆಯೇ ಮನುಷ್ಯ. ಬಂದೂಕಿನ ಮೇಲಿನ ಕೈ ಒಂದು ಕ್ಷಣ ತಡೆಯುತ್ತಿತ್ತು. ನಗುತ್ತಿದ್ದ. ಮನೆ ಎಂದರೆ ಏನು ಎಂದು ಕೇಳುತ್ತಿದ್ದ. ಅಷ್ಟಕ್ಕೇ ಕತೆ ಬರೆಯುವವರ ಎದೆ ಡವಡವ. ಇವನು ಸಂಸಾರ ಹೂಡಿದರೆ ನೌಕೆ ಹಾರಿಸುವವರು ಯಾರು? ಹಾಗಾಗಿ ಅವಳು ಸಾಯಬೇಕು, ಇಲ್ಲವೇ ತೊಲಗಬೇಕು. ಮುಂದಿನ ವಾರ ಕಮಾಂಡರ್ ನೌಕೆಯ ಅದೇ ಕುರ್ಚಿಯಲ್ಲಿ ಏನೂ ಆಗದವನ ಹಾಗೆ ಕೂತಿರುತ್ತಿದ್ದ. ಜನ ಇದನ್ನು ಗಟ್ಟಿತನ ಎಂದರು. ನನಗೆ ಮೈ ಉರಿಯುತ್ತಿತ್ತು. ಒಬ್ಬೊಬ್ಬಳನ್ನು ಮರೆತಾಗಲೂ ಅವನು ಒಂದಿಷ್ಟು ಕಡಿಮೆಯಾಗುತ್ತಿದ್ದ.

ಏಳನೆಯವಳು ಸತ್ತ ಮರುವಾರ ಅಕ್ಕ ಹೆಡ್‌ಫೋನ್ ಕಿತ್ತಿಟ್ಟು ರೇಗಿದ್ದರು. "ಸಾಯೋದಕ್ಕೆ ನಂಗೇನೂ ಬೇಜಾರಿಲ್ಲ ಕಣೋ. ಆದ್ರೆ ಒಂದ್ಸಲನಾದ್ರೂ ಆ ಮನುಷ್ಯ ಅವಳ ಹೆಸರು ಹೇಳಬಾರ್ದಾ? ಚಪ್ಪಲಿ ಕಳೆದ್ರೂ ನಾಲ್ಕು ದಿನ ನೆನೆಸ್ಕೋತಾರೆ."

ಕಂಚು ಸಾರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಸ್ಕ್ರಿಪ್ಟಲ್ಲಿಲ್ಲ ಮೇಡಂ" ಎಂದರು. ಕಲ್ಲುಹೃದಯ ಎಂದುಕೊಂಡೆ.

ಅಕ್ಕನ ಗಂಡ ದರ್ಜಿ. ಅಕ್ಕನನ್ನು ಅಕ್ಕ ಎಂದ ಮೇಲೆ ಅವರು ನನಗೆ ಭಾವ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೊಲಿಗೆ ಯಂತ್ರ ತುಳಿಯುತ್ತಲೇ ಟಿವಿಗೆ ಕಿವಿಗೊಡುತ್ತಿದ್ದರು. ಸಂಜೆ ಅಕ್ಕ ಮೆಟ್ಟಿಲು ಹತ್ತುವ ಹೊತ್ತಿಗೆ ದಿನಾ ಒಂದೇ ತಮಾಷೆ: "ಬದುಕಿದ್ಯಾ, ಇವತ್ತೂ ಸತ್ತ್ಯಾ? ಅಡುಗೆ ಎಷ್ಟು ಜನಕ್ಕೆ ಮಾಡ್ಲಿ?"

ಅಕ್ಕನ ಗಂಟಲೊಳಗೆ ಗಡ್ಡೆ ಇದೆ ಎಂದು ಗೊತ್ತಾದ ದಿನದಿಂದ ಭಾವ ಆ ತಮಾಷೆ ನಿಲ್ಲಿಸಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದಿದ್ದರು ವೈದ್ಯರು. ಸೋಮವಾರಕ್ಕೆ ದಿನ ಗೊತ್ತಾಯಿತು. ಧಾರಾವಾಹಿಯ ಕಟ್ಟಕಡೆಯ ಕಂತು ನಮ್ಮ ಕೈಗೆ ಬಂದದ್ದು ಅದಕ್ಕೆ ಮೂರು ದಿನ ಮೊದಲು.

ಹನ್ನೆರಡನೆಯವಳು ತಲೆ ನರೆತ ಹೆಂಗಸು, ಯಾವುದೋ ಗ್ರಹದಲ್ಲಿ ಬೀಜ ಕಾಪಾಡುವವಳು. ಅವಳಿಗೆ ಅಕ್ಕ ಮೊದಲ ಸಲ ತಮ್ಮ ಸ್ವಂತ ದನಿಯಲ್ಲೇ ಮಾತಾಡಿದ್ದರು. ಕತೆ ಮುಗಿಯುತ್ತಿದೆ, ಇನ್ನು ಕೊಲ್ಲುವ ಅಗತ್ಯವೇನು, ಇವಳ ಜೊತೆ ನೆಲೆ ನಿಲ್ಲುತ್ತಾನೆ ಎಂದು ನಾವೆಲ್ಲ ನಂಬಿದ್ದೆವು. ಅಕ್ಕ ಸ್ಕ್ರಿಪ್ಟು ತಿರುವಿ ಹಾಕಿದರು. ನಾಲ್ಕನೇ ಪುಟದಲ್ಲಿ ನಿಂತರು.

"ಸಾಯ್ತೀನಿ ಕಣೋ," ಎಂದು ನಕ್ಕರು. ಆ ನಗು ಕೇಳಲಾಗಲಿಲ್ಲ.

ಒಡೆದ ಗಂಟಲಲ್ಲೇ ನಾಲ್ಕು ಸಾಲು ಹೇಳಿ, ಕೊನೆಯುಸಿರನ್ನೂ ಕೊಟ್ಟು ಮುಗಿಸಿದರು. ಉಳಿದದ್ದು ಕೊನೆಯ ದೃಶ್ಯ. ಕಮಾಂಡರ್ ಹೆಲ್ಮೆಟ್ ಹಾಕಿ, ಕಪ್ಪು ಗಾಜು ಇಳಿಸಿ, ಒಬ್ಬನೇ ನೌಕೆಯ ಕಡೆ ನಡೆಯುತ್ತಾನೆ. ಎರಡು ನಿಮಿಷ ಬರೀ ಉಸಿರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕೆಲಸದಲ್ಲಿ ತುಟಿಯೇ ಯಜಮಾನ. ಅದು ಮುಚ್ಚಿದರೆ ಮಾತೂ ಮುಗಿಯಬೇಕು. ಹೆಲ್ಮೆಟ್ಟಿನ ಕಪ್ಪು ಗಾಜು ಇಳಿಯಿತೋ, ತುಟಿ ಕಾಣದು, ಯಾವ ಮಾತನ್ನಾದರೂ ತುರುಕಬಹುದು. ಆದರೆ ತುರುಕುವಂತಿಲ್ಲ. ಚಾನೆಲ್ಲಿನ ಪರಿಶೀಲಕಿ ಸ್ಕ್ರಿಪ್ಟು ಹಿಡಿದು ಸಾಲು ಸಾಲಾಗಿ ಕೇಳುತ್ತಾರೆ. ಹಿಂದೊಮ್ಮೆ ಒಬ್ಬ ಇಂಥದೇ ಕಡೆ ಒಂದು ಜೋಕು ಸೇರಿಸಿ ಕೆಲಸ ಕಳೆದುಕೊಂಡಿದ್ದ.

ಕಂಚು ಸಾರ್ ಮೈಕಿನ ಮುಂದೆ ಬಂದರು. ಅಕ್ಕ ಹೊರಗೆ ಹೋಗದೆ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ನಾಲ್ಕು ಉಸಿರು ಬಂತು. ಐದನೆಯದರ ಜಾಗದಲ್ಲಿ ಒಂದು ಹೆಸರು. ಮೊದಲನೆಯವಳದು. ಒಂದು ಉಸಿರು ಬಿಟ್ಟು ಎರಡನೆಯವಳದು. ಕೈಯಲ್ಲಿ ಚೀಟಿಯಿಲ್ಲ. ನನಗೆ ನಾಲ್ಕೈದು ನೆನಪಿದ್ದರೆ ಹೆಚ್ಚು. ಅವರು ಹನ್ನೆರಡನ್ನೂ ಬಂದ ಕ್ರಮದಲ್ಲೇ, ಒಂದೊಂದು ಹೆಜ್ಜೆಗೆ ಒಂದೊಂದರಂತೆ ಕರೆದರು. ನಿಲ್ಲಿಸುವ ಗುಂಡಿಯ ಮೇಲಿದ್ದ ನನ್ನ ಬೆರಳು ಅಲ್ಲೇ ಉಳಿಯಿತು.

ಹನ್ನೆರಡು ಮುಗಿದ ಮೇಲೆ ಹದಿಮೂರನೆಯ ಹೆಸರು ಬಂತು. ಅದು ಅಕ್ಕನ ಹೆಸರು. ಹತ್ತೊಂಬತ್ತು ವರ್ಷ ಮೇಡಂ ಎಂದೇ ಕರೆದ ಮನುಷ್ಯ, ಬರೀ ಹೆಸರು ಹಿಡಿದು ಮೆಲ್ಲಗೆ ಕರೆದರು.

"ಓ," ಎಂದರು ಅಕ್ಕ.

ಯಾರಾದರೂ ಕರೆದಾಗ ಮನೆಯೊಳಗಿಂದ ಓಗೊಡುತ್ತೇವಲ್ಲ, ಹಾಗೆ. ಬಾಯಿ ತಪ್ಪಿ ಬಂದದ್ದು. ತಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ. ಯಾರೂ ಇನ್ನೊಂದು ಟೇಕ್ ಕೇಳಲಿಲ್ಲ. ಅಳಿಸಲು ನನಗೆ ಇಡೀ ಭಾನುವಾರ ಇತ್ತು, ಅಳಿಸಲಿಲ್ಲ.

ಮಂಗಳವಾರ ಪರಿಶೀಲಕಿ ಫೋನ್ ಮಾಡಿದರು. ಕೆಲಸ ಹೋಯಿತೆಂದೇ ಎತ್ತಿದೆ.

"ಹದಿಮೂರನೇ ಹೆಸರು ಯಾರದ್ರೀ?"

ಹೇಳಿದೆ. ಗಂಟಲಿನ ಗಡ್ಡೆಯ ವಿಷಯವನ್ನೂ ಹೇಳಿದೆ.

"ಈಗ ಹೇಗಿದ್ದಾರೆ?"

"ನಿನ್ನೆ ಆಪರೇಷನ್ ಆಯ್ತು ಮೇಡಂ. ಹುಷಾರಾಗ್ತಾರಂತೆ. ಮಾತಿಲ್ಲ."

"ಸ್ಕ್ರಿಪ್ಟಲ್ಲಿ ಸೇರಿಸ್ಕೋತೀನಿ ಬಿಡಿ," ಎಂದು ಫೋನಿಟ್ಟರು.

ಕಂತು ಪ್ರಸಾರವಾದಾಗ ಅಕ್ಕ ಮನೆಗೆ ಬಂದು ಎರಡು ವಾರವಾಗಿತ್ತು. ನಾನು ಭಾವನ ಅಂಗಡಿಗೆ ಹೋದೆ. ಬಟ್ಟೆಗಂಟುಗಳ ಪಕ್ಕದ ಕುರ್ಚಿಯಲ್ಲಿ, ಕತ್ತಿಗೆ ಸಡಿಲವಾದ ಹತ್ತಿಬಟ್ಟೆ ಸುತ್ತಿಕೊಂಡು ಅಕ್ಕ ಕೂತಿದ್ದರು. ಭಾವ ಟಿವಿಗೆ ಬೆನ್ನು ಹಾಕಿ ಯಾವುದೋ ಕೋಟಿಗೆ ಬಟ್ಟೆ ಕತ್ತರಿಸುತ್ತಿದ್ದರು. ಈಗಲೂ ಅಭ್ಯಾಸಬಲದಿಂದ ಒಳಗಿರುವ ತನ್ನನ್ನು ಹೆಸರು ಹಿಡಿದು ಕೂಗುತ್ತಾರೆ, ಉತ್ತರ ಬಾರದಿದ್ದಾಗ ನೆನಪಾಗಿ ಎದ್ದು ಹೋಗಿ ನೋಡುತ್ತಾರೆ ಎಂದು ಅಕ್ಕ ನನಗೆ ಕಾಗದದ ಮೇಲೆ ಬರೆದು ತೋರಿಸಿದ್ದರು.

ಟಿವಿಯಲ್ಲಿ ಕಮಾಂಡರ್ ನಡೆಯತೊಡಗಿದ. ಹೆಸರುಗಳು ಬಂದವು. ಹದಿಮೂರನೆಯದೂ ಬಂತು.

"ಓ."

ಭಾವ ತಟ್ಟನೆ ಅಕ್ಕನ ಕಡೆ ತಿರುಗಿದರು. "ಏನೇ?" ಎಂದರು. ಅಕ್ಕ ಟಿವಿ ತೋರಿಸಿದರು, ಆಮೇಲೆ ಬೆರಳನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು.

ಭಾವ ಕತ್ತರಿ ಕೆಳಗಿಟ್ಟರು. ನನ್ನ ಮುಖ ನೋಡದೆ ಕೇಳಿದರು, "ಅದನ್ನ ಇನ್ನೊಂದ್ಸಲ ಹಾಕಕ್ಕಾಗುತ್ತೇನಪ್ಪಾ?"