ಯಾವ ಸಾಲಿನಲ್ಲೂ ನಿಲ್ಲದವರು

ಮಾಸ್ತರರ ಬಲಗೈ ಸದಾ ನಡುಗುತ್ತಿತ್ತು. ಅವರು ಚಹಾ ಕುಡಿಯುವಾಗ ಕಪ್ಪು ಬಸಿಗೆ ತಾಕಿ ಕಿಣಿಕಿಣಿ ಎನ್ನುವುದು ಕೆಳಗೆ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಹಿಮಾಯತ್‌ನಗರದ ಆ ಹಳೆಯ ಮನೆಯಲ್ಲಿ ಅವರು ಮೇಲೆ, ನಾವು ಕೆಳಗೆ. ಮಾಸ್ತರರು ಬೀದರ ಕಡೆಯವರು, ಕನ್ನಡ ಕಲಿಸಿ ನಿವೃತ್ತರಾದವರು. ಕೈ ಮಾತು ಕೇಳದಾದ ಮೇಲೆ ಅವರು ಹೇಳಿದ ಕಥೆಗಳನ್ನು ನಾನು ಬರೆದುಕೊಡುತ್ತಿದ್ದೆ. "ಇಲ್ಲಿ ಚುಕ್ಕಿ ಇಡು ತಂಗಿ" ಎಂದು ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳುವರು. ಆ ಹೊತ್ತಿಗೆ ನಾನು ಮೆಂತ್ಯ ಸೋಸುವುದನ್ನು ಬಿಟ್ಟು ಕೈ ತೊಳೆದು ಕೂತಿರಬೇಕು.

ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಲಿಂಗಂಪಲ್ಲಿಗೆ ಹೋಗುತ್ತಿದ್ದರು. ಅಲ್ಲೊಂದು ದೊಡ್ಡ ಕಟ್ಟಡ ಏಳುತ್ತಿತ್ತು. ಯಾದಗಿರಿ ಕಡೆಯ ಕೂಲಿಯವರ ಮಕ್ಕಳಿಗೆ ಅಕ್ಷರ ಹೇಳಿಕೊಡುವುದು ಅವರ ಕೆಲಸ. ಕೂಸುಗಳನ್ನು ನೋಡಿಕೊಳ್ಳಲು ಅಲ್ಲಿ ಒಬ್ಬರಿದ್ದರು. ಲುಂಗಿ, ಮೇಲೊಂದು ದೊಗಳೆ ಅಂಗಿ, ತಲೆಗೆ ರುಮಾಲು, ಒಂದು ಕೈಗೆ ಹಸಿರು ಬಳೆ. ಕಂಬಗಳಿಗೆ ಹಳೆ ಸೀರೆ ಕಟ್ಟಿ ಐದು ಜೋಳಿಗೆ ತೂಗುವರು. ಗಂಡಸರು ಅವರನ್ನು ಕಾಕಾ ಅನ್ನುತ್ತಿದ್ದರು, ಹೆಂಗಸರು ಚಿಗವ್ವ. ಎರಡಕ್ಕೂ ಓ ಅನ್ನುವರು.

ಅವರ ಮೇಲೆ ಕಥೆ ಬರೆಯಲೇ ಎಂದು ಮಾಸ್ತರರು ಕೇಳಿದಾಗ ಅವರು ಅಂದರಂತೆ: "ಬರೀರಿ. ಆದ್ರ ನನ್ನ ಗಂಡಸ್ರ ಸಾಲಿನ್ಯಾಗೂ ನಿಂದರಸಬ್ಯಾಡ್ರಿ, ಹೆಂಗಸ್ರ ಸಾಲಿನ್ಯಾಗೂ ನಿಂದರಸಬ್ಯಾಡ್ರಿ. ಊರಾಗ ಹಂಗ ನಿಂದರಸಾಕ ಬಂದ್ರು ಅಂತನ ಇಲ್ಲೀತನಕ ಬಂದೀನ್ರಿ."

ಮಾಸ್ತರರು ಕಥೆಯುದ್ದಕ್ಕೂ 'ಅವರು' ಎಂದೇ ಬರೆಸಿದರು. ನನಗೆ ಸರಿ ಕಾಣಲಿಲ್ಲ.

"ಸರ, ಜೋಳಿಗಿ ತೂಗೋರಿಗೆ ಇಷ್ಟು ಮರ್ಯಾದಿ ಕೊಟ್ರ ಯಾರೋ ಸಾಹೇಬ್ರು ಬಂದಂಗ ಆಕ್ಕೈತಲ್ರಿ?"

"ಆಗಲಿ ಬಿಡು ತಂಗಿ. ಒಮ್ಮಿಯರ ಆಗಲಿ."

ಕಥೆ ಒಂದು ಮಾಸಪತ್ರಿಕೆಗೆ ಹೋಯಿತು. ಮಾಸ್ತರರು ಕಣ್ಣಿನ ಆಪರೇಶನ್ನಿಗೆ ಆಸ್ಪತ್ರೆ ಸೇರಿದ್ದ ದಿನ ಪತ್ರಿಕೆಯವರು ನನಗೆ ಫೋನು ಮಾಡಿದರು. "ಕಥೆಯಲ್ಲಿರೋ ಇವರು ಗಂಡೋ ಹೆಣ್ಣೋ ಗೊತ್ತಾಗ್ತಿಲ್ಲ. ಇವತ್ತೇ ಅಚ್ಚಿಗೆ ಹೋಗಬೇಕು." ಹಂಚಿನ ಮೇಲೆ ರೊಟ್ಟಿ ಇತ್ತು. ನಾನು ಅಂದೆ: "ಹೆಣ್ಣಮಗಳು ಅಂತ ಮಾಡ್ರಿ. ಕೂಸು ನೋಡೋರು ಮತ್ಯಾರಿರ್ತಾರ?" ರೊಟ್ಟಿ ಮಗುಚಿ ಹಾಕಿ ಮರೆತೆ. ಮಾಸ್ತರರಿಗೂ ಹೇಳಲಿಲ್ಲ.

ಸಂಚಿಕೆ ಬಂದಾಗ ಮಾಸ್ತರರಿಗಿನ್ನೂ ಓದಲು ಆಗುತ್ತಿರಲಿಲ್ಲ. ಕರಿ ಕನ್ನಡಕ ಹಾಕಿಕೊಂಡೇ ಲಿಂಗಂಪಲ್ಲಿಗೆ ಒಯ್ದರು. ಓದು ಬಲ್ಲ, ಗಾರೆ ಕೆಲಸದ ಗೌಂಡಿಯೊಬ್ಬ ಎಲ್ಲರ ನಡುವೆ ಗಟ್ಟಿಯಾಗಿ ಓದಿದ. ಶುರುವಿನಲ್ಲೇ 'ಅವಳು' ಬಂತು. ಮಾಸ್ತರರು ತಡೆಯುವಷ್ಟರಲ್ಲಿ ಯಾರೋ ಸಿಳ್ಳೆ ಹಾಕಿದರು. "ಏ ಕಾಕಾ, ನಾಳಿಂದ ಸೀರಿ ಉಟ್ಕೊಂಡು ಬಾರೋ!" ಆ ಜೀವ ಅಳುತ್ತಿದ್ದ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು ಒಳಗೆ ಹೋಯಿತಂತೆ. ಮರುದಿನ ಜೋಳಿಗೆಗಳಷ್ಟೇ ಇದ್ದವು.

ಆ ಸುದ್ದಿ ತಿಳಿದ ಸಂಜೆ ಮಾಸ್ತರರು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಫೋನಿನ ವಿಷಯ ಹೇಳಿ ಅತ್ತೆ. ಬೈಯಲಿಲ್ಲ. "ಅವರು ಬೇಡಿದ್ದು ಒಂದ ಮಾತು ತಂಗಿ. ಒಂದ" ಅಂದರು. ಆಮೇಲೆ ನನ್ನಿಂದ ಒಂದು ಸಾಲನ್ನೂ ಬರೆಸಲಿಲ್ಲ. ಭಾನುವಾರಗಳಲ್ಲಿ ಕೊಂಡಾಪುರದ ಕಟ್ಟಡಗಳವರೆಗೂ ಆ ಜೀವವನ್ನು ಹುಡುಕಿ ಬರುವರು. ನಾನು ಕೊಟ್ಟ ಚಹಾ ಕುಡಿದು ಮೇಲೆ ಹೋಗುವರು. ಹೋದ ವರ್ಷ ಚಳಿಗಾಲದಲ್ಲಿ ತೀರಿಕೊಂಡರು.

ಹದಿಮೂರನೆಯ ದಿನ ಕಳೆದ ಮೇಲೆ ನಾನೊಬ್ಬಳೇ ಲಿಂಗಂಪಲ್ಲಿಗೆ ಹೋದೆ. ಆ ಕಟ್ಟಡಕ್ಕೆ ಜನ ವಾಸಕ್ಕೆ ಬಂದಿದ್ದರು. ಬಾಲ್ಕನಿಗಳಲ್ಲಿ ಬಟ್ಟೆಗಳು ಒಣಗುತ್ತಿದ್ದವು. ಕೂಲಿಯವರ ಕಾಲದಿಂದಲೂ ಅಲ್ಲೇ ಇದ್ದೇನೆಂದ ವಾಚ್‌ಮನ್ ಕೇಳಿದ: "ಕಿಸ್ಕೂ ಢೂಂಡ್ರೇ ಅಮ್ಮಾ? ಆದ್ಮೀ ಕೀ ಔರತ್?"

ಗಂಡೋ ಹೆಣ್ಣೋ ಎಂಬ ಅದೇ ಪ್ರಶ್ನೆ. ಕೂಸುಗಳನ್ನು ತೂಗುತ್ತಿದ್ದವರು ಅಂದೆ.

"ಐಸಾ ಬೋಲೇ ತೋ ಕೈಸೇ ಮಿಲ್ತೇ ಅಮ್ಮಾ?" ಹಾಗಂದರೆ ಹೇಗೆ ಸಿಗುತ್ತಾರೆ ಎಂದು ಆತ ಕುರ್ಚಿ ಎಳೆದುಕೊಂಡ.

ನಾನು ಬೇರೆ ಮಾತು ಸೇರಿಸಲಿಲ್ಲ.